ನಕ್ಷತ್ರ ನೋಡಿ ದಾರಿ ಹೇಳಿದ ಲ್ಯಾಂಬ್ಟನ್

1799ರ ಏಪ್ರಿಲ್‌ನ ಒಂದು ರಾತ್ರಿ. ಶ್ರೀರಂಗಪಟ್ಟಣದ ಮೇಲೆ ದಂಡೆತ್ತಿ ಬಂದಿದ್ದ ಬ್ರಿಟಿಷ್ ತುಕಡಿಯೊಂದು ಉತ್ತರವೆಂದು ಭ್ರಮಿಸಿ ದಕ್ಷಿಣಕ್ಕೆ, ಟಿಪ್ಪು ಸೇನೆಯತ್ತಲೇ ನಡೆದಿತ್ತು. ಆಕಾಶ ನೋಡಿದ ವಿಲಿಯಂ ಲ್ಯಾಂಬ್ಟನ್ ಈ ಪ್ರಮಾದವನ್ನು ಗುರುತಿಸಿದ. ಸೇನಾನಿ ಬೇರ್ಡ್ ಮೊದಲು ನಂಬಲಿಲ್ಲ; ದಿಕ್ಸೂಚಿ ನಕ್ಷತ್ರಗಳನ್ನೇ ಸಮರ್ಥಿಸಿತು.

ಯಾರ್ಕ್‌ಷೈರ್‌ನಲ್ಲಿ ಜನಿಸಿದ ಆತ ಕಾಲಾಳು ಪಡೆಯ ಅಧಿಕಾರಿ. ಗಣಿತ, ಖಗೋಳಗಳನ್ನು ಸ್ವಂತ ಆಸಕ್ತಿಯಿಂದ ಕಲಿತವನು. ಟಿಪ್ಪು ಪತನದ ಬಳಿಕ ಆ ಹವ್ಯಾಸವೇ ವೃತ್ತಿಯಾಯಿತು. 1802ರಲ್ಲಿ ಮದರಾಸಿನಲ್ಲಿ ತ್ರಿಕೋನಮಿತಿ ಸರ್ವೆ ಆರಂಭಿಸಿ, 1804ರಲ್ಲಿ ಬೆಂಗಳೂರಿನ ಬಳಿ ಆಧಾರರೇಖೆ ಅಳೆಸಿದ. ನೆತ್ತಿಯ ಮೇಲಿನ ನಕ್ಷತ್ರಗಳನ್ನು ಅಳೆಯುವ ಐದಡಿಯ ದೂರದರ್ಶಕವನ್ನು ಊರೂರಿಗೆ ಸಾಗಿಸಿ, ರಾತ್ರಿಗಳಲ್ಲಿ ಅಕ್ಷಾಂಶ ನಿರ್ಣಯಿಸಿದ.

1823ರ ಜನವರಿಯಲ್ಲಿ ಹಿಂಗನಘಾಟ್‌ನಲ್ಲಿ, ಸರ್ವೆಯ ನಡುವೆಯೇ ಮೃತಪಟ್ಟ. ಮೈಸೂರನ್ನು ಗೆಲ್ಲಲು ಬಂದವನ ನಕ್ಷತ್ರಜ್ಞಾನ ಕೊನೆಗೆ ಅದೇ ನಾಡಿನ ಭೂಪಟಕ್ಕೆ ಬುನಾದಿಯಾಯಿತು.