ನೆರೆಮನೆಯ ನುಡಿ ಕಲಿತ ಕವಿ: ಮಂಜೇಶ್ವರ ಗೋವಿಂದ ಪೈ

ಕಾಸರಗೋಡಿನ ಉತ್ತರ ತುದಿಯಲ್ಲಿರುವ ಮಂಜೇಶ್ವರದಲ್ಲಿ ತುಳು, ಕನ್ನಡ, ಕೊಂಕಣಿ, ಮಲಯಾಳ, ಬ್ಯಾರಿ ನುಡಿಗಳು ಒಂದೇ ಪೇಟೆಯಲ್ಲಿ ಕೇಳಿಬರುತ್ತವೆ. ಅನಂತೇಶ್ವರನ ದೇವಾಲಯ, ಜೈನ ಬಸದಿ, ಮಸೀದಿ, ಇಗರ್ಜಿಗಳು ಅಲ್ಲಿ ಪರಸ್ಪರ ನೆರೆಯವು. 1883ರ ಮಾರ್ಚ್ 23ರಂದು ಈ ಊರಿನ ಅಜ್ಜನ ಮನೆಯಲ್ಲಿ ಗೋವಿಂದ ಪೈ ಜನಿಸಿದರು. ತಂದೆ ಮಂಗಳೂರಿನ ಸಾಹುಕಾರ ತಿಮ್ಮಪ್ಪ ಪೈ, ತಾಯಿ ದೇವಕಿಯಮ್ಮ. ಮನೆಮಾತು ಕೊಂಕಣಿ, ಕಾವ್ಯಕ್ಕೆ ಅವರು ಆರಿಸಿಕೊಂಡದ್ದು ಕನ್ನಡ.

ಮಂಗಳೂರಿನ ಶಾಲೆಯಲ್ಲಿ ಅವರಿಗೆ ಪಂಜೆ ಮಂಗೇಶರಾಯರು ಗುರುಗಳಾಗಿದ್ದರು. ಮದರಾಸಿನಲ್ಲಿ ಬಿ.ಎ. ಓದುತ್ತಿದ್ದಾಗ ತಂದೆ ತೀರಿಕೊಂಡುದರಿಂದ ವ್ಯಾಸಂಗ ಪೂರ್ಣಗೊಳ್ಳಲಿಲ್ಲ. ಊರಿಗೆ ಮರಳಿದ ಮೇಲೆ ಕಲಿಕೆ ನಿಲ್ಲದೆ ಮನೆಯಲ್ಲಿಯೇ ಮುಂದುವರಿಯಿತು. ಸಂಸ್ಕೃತ, ಪಾಲಿ, ಬಂಗಾಳಿ, ಗ್ರೀಕ್, ಲ್ಯಾಟಿನ್ ಮೊದಲಾದ ಅನೇಕ ಭಾಷೆಗಳನ್ನು ಅವರು ಅಭ್ಯಾಸ ಮಾಡಿದರು. 1911ರ ಸುಮಾರಿಗೆ ಆದಿಪ್ರಾಸದ ಕಟ್ಟನ್ನು ಬಿಟ್ಟು ಬರೆದು ಹೊಸಗನ್ನಡ ಕಾವ್ಯಕ್ಕೆ ದಾರಿ ತೆರೆದರು. 1930ರಲ್ಲಿ ‘ಗಿಳಿವಿಂಡು’ ಪ್ರಕಟವಾಯಿತು.

ಅವರ ಕಾವ್ಯವಸ್ತುಗಳನ್ನು ಊರಿನ ನೆರೆಹೊರೆಯೊಂದಿಗೆ ಇಟ್ಟು ನೋಡಬೇಕು. ಗೌಡ ಸಾರಸ್ವತರ ಹಲವು ಕುಟುಂಬಗಳು ಪೋರ್ಚುಗೀಸರ ಕಾಲದಲ್ಲಿ ಮತಾಂತರದ ಒತ್ತಡಕ್ಕೆ ಸಿಲುಕಿ ಗೋವೆಯನ್ನು ತೊರೆದು ಕರಾವಳಿಗೆ ಬಂದವು. ಅಂಥ ನೆನಪುಳ್ಳ ಸಮುದಾಯದಲ್ಲಿ ಹುಟ್ಟಿದ ಕವಿ ‘ಗೊಲ್ಗೊಥಾ’ದಲ್ಲಿ ಏಸುವಿನ ಕೊನೆಯ ದಿನವನ್ನು ಕರುಣೆ ತುಂಬಿ ಚಿತ್ರಿಸಿದರು. ಆಳಿದವರ ಅಪರಾಧವನ್ನು ನೆರೆಯವನು ನಂಬಿದ ದೇವರ ಮೇಲೆ ಹೊರಿಸಲಿಲ್ಲ. ‘ವೈಶಾಖಿ’ಯಲ್ಲಿ ಬುದ್ಧನ ನಿರ್ವಾಣ ವಸ್ತುವಾಯಿತು. ‘ಹೆಬ್ಬೆರಳು’ ನಾಟಕ ವಿದ್ಯೆಯ ಹೊಸ್ತಿಲಾಚೆಗೆ ನಿಲ್ಲಿಸಲ್ಪಟ್ಟ ಏಕಲವ್ಯನನ್ನು ನಡುವೆ ತಂದಿತು. ದೂರದ ಜಪಾನಿನ ನೋ ನಾಟಕಗಳೂ ಅವರಿಂದ ಕನ್ನಡಕ್ಕೆ ಬಂದವು. ನೆರೆಯವನನ್ನು ಸಹಿಸಿಕೊಳ್ಳುವುದು ಸುಲಭ. ಅವನ ನುಡಿ ಕಲಿತು, ಅವನ ದುಃಖವನ್ನು ತನ್ನ ನುಡಿಯಲ್ಲಿ ಹೇಳುವುದು ಶ್ರಮದ ಕೆಲಸ. ಗೋವಿಂದ ಪೈಗಳ ಪಾಂಡಿತ್ಯ ಆ ಶ್ರಮಕ್ಕೆ ಮೀಸಲಾಗಿತ್ತು.

ಮಂಜೇಶ್ವರ ಆಗ ಮದರಾಸು ಆಡಳಿತದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. 1949ರಲ್ಲಿ ಮದರಾಸು ಸರಕಾರ ಅವರಿಗೆ ರಾಷ್ಟ್ರಕವಿ ಪದವಿಯನ್ನಿತ್ತಿತು. 1951ರಲ್ಲಿ ಮುಂಬಯಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ಅವರದಾಯಿತು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಅದು ಕನ್ನಡನಾಡಿನೊಂದಿಗೆ ಉಳಿಯಬೇಕೆಂದು ಬಯಸಿದ್ದ ಕವಿಗೆ ಇದು ಆಳವಾದ ನೋವು. ಆದರೂ ಅವರ ವಾಸ ಮಂಜೇಶ್ವರದಲ್ಲಿಯೇ ಮುಂದುವರಿಯಿತು. 1963ರ ಸೆಪ್ಟೆಂಬರ್ 6ರಂದು ಅವರು ತೀರಿಕೊಂಡರು.

ಅವರ ಗ್ರಂಥಸಂಗ್ರಹ ಉಡುಪಿಯ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜಿಗೆ ಸಂದಿತು. ಅಲ್ಲಿ ಅವರ ಹೆಸರಿನ ಸಂಶೋಧನ ಕೇಂದ್ರವಿದೆ. ಮಂಜೇಶ್ವರದ ಸರಕಾರಿ ಕಾಲೇಜೂ ಅವರ ಸ್ಮಾರಕವಾಗಿದೆ. ಅದನ್ನು ನಡೆಸುತ್ತಿರುವುದು ಕೇರಳ ಸರಕಾರ. ಹೀಗೆ ಗಡಿಯ ಎರಡೂ ಬದಿಯ ಮಕ್ಕಳು ಒಬ್ಬನೇ ಕವಿಯ ಹೆಸರಿನಲ್ಲಿ ಓದುತ್ತಾರೆ. ಆ ಹೆಸರಿಗೆ ತಕ್ಕ ಓದು ಯಾವುದೆಂದರೆ, ಕನ್ನಡವನ್ನು ಗಟ್ಟಿಯಾಗಿ ಹಿಡಿದುಕೊಂಡೇ ಪಕ್ಕದ ಬೆಂಚಿನ ಗೆಳೆಯನ ಮನೆಮಾತನ್ನೂ ಕಲಿಯುವುದು.