ಮೂರು ತಿಂಗಳ ಮುಖ್ಯಮಂತ್ರಿ: ನಮ್ಮ ಕೆರೂರಿನ ಕಂಠಿಯವರು

ಕರ್ನಾಟಕದ ಮುಖ್ಯಮಂತ್ರಿಗಳ ಪಟ್ಟಿಯನ್ನ ಸ್ಪರ್ಧಾತ್ಮಕ ಪರೀಕ್ಷೆಗೆ ಬಾಯಿಪಾಠ ಮಾಡಿದವರಿಗೆ ಒಂದು ಹೆಸರು ಯಾವಾಗಲೂ ತೊಡಕು. ಜತ್ತಿಯವರು ಆದಮೇಲೆ, ನಿಜಲಿಂಗಪ್ಪನವರು ಎರಡನೇ ಸಲ ಬರೋಕೆ ಮುಂಚೆ, ಮಧ್ಯದಲ್ಲಿ ಯಾರೋ ಒಬ್ಬರು ಇದ್ದಾರಲ್ಲ? ಆ ಒಬ್ಬರು ಎಸ್.ಆರ್. ಕಂಠಿ. 1962ರ ಮಾರ್ಚ್ 14ರಿಂದ ಜೂನ್ 20ರವರೆಗೆ ಮುಖ್ಯಮಂತ್ರಿ, ಅಷ್ಟೇ. ಪರೀಕ್ಷೆಗೆ ಅಷ್ಟು ಸಾಕು. ನಮಗೆ ಸಾಲದು, ಯಾಕಂದ್ರೆ ಅವರು ನಮ್ಮವರು.

ಶಿವಲಿಂಗಪ್ಪ ರುದ್ರಪ್ಪ ಕಂಠಿ ಹುಟ್ಟಿದ್ದು 1908ರಲ್ಲಿ, ಬಾದಾಮಿ ತಾಲ್ಲೂಕಿನ ಕೆರೂರಿನಲ್ಲಿ. ಓದಿದ್ದು ಕಾನೂನು, ಆರಿಸಿ ಬಂದದ್ದು ಹುನಗುಂದದಿಂದ. ಆಗ ನಮ್ಮ ಕಡೆ ಎಲ್ಲಾ ವಿಜಾಪುರ ಜಿಲ್ಲೆ, ಜಿಲ್ಲೆ ಇದ್ದದ್ದು ಮುಂಬೈ ಪ್ರಾಂತ್ಯದಲ್ಲಿ. ಹಾಗಾಗಿ ಹುನಗುಂದ, ಇಳಕಲ್ಲಿನ ಮಾತು ಆಡೋಕೆ ಶಾಸಕರು ಬೆಂಗಳೂರಿಗಲ್ಲ, ಮುಂಬೈಗೆ ಹೋಗಬೇಕಿತ್ತು. 1952ರ ಚುನಾವಣೆ ಆದಮೇಲೆ ಕಂಠಿಯವರು ಮುಂಬೈ ವಿಧಾನಸಭೆಯ ಉಪಸಭಾಧ್ಯಕ್ಷರಾದರು. 1956ರಲ್ಲಿ ಏಕೀಕರಣ ಆಯ್ತು. ಅದೇ ಡಿಸೆಂಬರಿನಲ್ಲಿ ವಿಶಾಲ ಮೈಸೂರಿನ ವಿಧಾನಸಭೆಗೆ ಅವರೇ ಸಭಾಧ್ಯಕ್ಷರು. ಹಳೆ ಮೈಸೂರು, ಮುಂಬೈ, ಹೈದರಾಬಾದು, ಮದ್ರಾಸು, ಕೊಡಗು ಎಲ್ಲಾ ಕಡೆಯಿಂದ ಬಂದು ಒಬ್ಬರ ಪದ್ಧತಿ ಒಬ್ಬರಿಗೆ ತಿಳಿಯದ ಸದಸ್ಯರನ್ನ ಒಂದೇ ನಿಯಮದಡಿ ಕೂರಿಸೋ ಕೆಲಸ ಅದು. ಐದು ವರ್ಷಕ್ಕೂ ಹೆಚ್ಚು ಅದನ್ನು ಮಾಡಿದರು. ಸಭಾಧ್ಯಕ್ಷನಾದವನು ಗುಂಪಿನಿಂದ ದೂರ ಇರಬೇಕಾಗತ್ತೆ. ಮುಂದೆ ಆದದ್ದಕ್ಕೆ ಇದೂ ಒಂದು ಕಾರಣ ಅಂತ ನಮ್ಮ ಊಹೆ.

ಈಗ 1962ಕ್ಕೆ ಬರೋಣ. ಫೆಬ್ರವರಿ ಚುನಾವಣೆಯಲ್ಲಿ ಜೋಡೆತ್ತಿನ ಗುರುತಿನ ಕಾಂಗ್ರೆಸ್ಸಿಗೆ 208ರಲ್ಲಿ 138 ಸ್ಥಾನ. ಗೆದ್ದದ್ದು ಪಕ್ಷ, ಸೋತದ್ದು ನಾಯಕ! ಹೊಸದುರ್ಗದಲ್ಲಿ ನಿಜಲಿಂಗಪ್ಪನವರನ್ನ ಪ್ರಜಾ ಸೋಷಲಿಸ್ಟ್ ಪಕ್ಷದ ಜಿ.ಟಿ. ರಂಗಪ್ಪ ಸೋಲಿಸಿಬಿಟ್ಟರು. ಪಕ್ಷದೊಳಗೆ ಆಗ ಎರಡು ಬಣ, ಒಂದು ಜತ್ತಿಯವರದು, ಇನ್ನೊಂದು ನಿಜಲಿಂಗಪ್ಪನವರದು. ಹೆಚ್ಚು ಶಾಸಕರಿದ್ದದ್ದು ಸೋತವರ ಬಣದಲ್ಲಿ.

ದಾರಿ ಇರಲಿಲ್ಲ ಅಂತಲ್ಲ. ಶಾಸಕನಲ್ಲದವನೂ ಆರು ತಿಂಗಳು ಮಂತ್ರಿಯಾಗಿರಬಹುದು ಅಂತ ಸಂವಿಧಾನವೇ ಹೇಳತ್ತೆ. 1952ರಲ್ಲಿ ಮೊರಾರ್ಜಿ ದೇಸಾಯಿ ಬರೀ 19 ಮತದಿಂದ ಸೋತು, ಆದರೂ ಮುಂಬೈ ಮುಖ್ಯಮಂತ್ರಿಯಾಗಿ, ಆಮೇಲೆ ಉಪಚುನಾವಣೆ ಗೆದ್ದರು. ಆ ಸಭೆಯಲ್ಲಿ ಕಂಠಿಯವರೂ ಇದ್ದರಲ್ಲ, ಇದನ್ನ ಕಣ್ಣಾರೆ ಕಂಡವರು. ಮೈಸೂರಿನಲ್ಲಿ ಹಾಗೆ ಮಾಡಲಿಲ್ಲ. ಬೇಡ ಅಂದ ಮತದಾರನ ಎದುರಿಗೇ ಹೋಗಿ ಕುರ್ಚಿ ಮೇಲೆ ಕೂತರೆ ಅವನಿಗೆ ಏನು ಹೇಳಿದ ಹಾಗಾಗತ್ತೆ? ನಡುವೆ ಒಬ್ಬರು ಬೇಕಿತ್ತು. ಎಲ್ಲರೂ ನಂಬುವವರು, ಮುಖ್ಯವಾಗಿ ಕೇಳಿದಾಗ ಕುರ್ಚಿ ವಾಪಸ್ ಕೊಡುವವರು. ಕಂಠಿಯವರು ಮುಖ್ಯಮಂತ್ರಿಯಾದರು.

ಇನ್ನು ನಾಯಕರಿಗೊಂದು ಕ್ಷೇತ್ರ ಬೇಕಲ್ಲ. ಅದನ್ನ ಕೊಟ್ಟದ್ದು ನಮ್ಮ ಬಾಗಲಕೋಟೆ. ಆಗಷ್ಟೇ ಗೆದ್ದಿದ್ದ ಬಿ.ಟಿ. ಮುರನಾಳರು ರಾಜೀನಾಮೆ ಕೊಟ್ಟರು, ಉಪಚುನಾವಣೆ ಬಂತು, ನಿಜಲಿಂಗಪ್ಪನವರು ಶಾಸಕರಾದರು. ಜೂನಿನಲ್ಲಿ ಕಂಠಿಯವರು ಎದ್ದು ಜಾಗ ಬಿಟ್ಟರು. ಇದಕ್ಕೇ ಅವರನ್ನ ಕರ್ನಾಟಕದ ಭರತ ಅಂತಾರೆ. ನಮಗೆ ಈ ಹೋಲಿಕೆ ಪೂರ್ತಿ ಒಪ್ಪಿಗೆಯಿಲ್ಲ. ರಾಮ ಕಾಡಿಗೆ ಹೋದದ್ದು ತಂದೆಯ ಮಾತಿಗೆ, ಹೊಸದುರ್ಗದ ಮತಪೆಟ್ಟಿಗೆಯ ಮಾತಿಗಲ್ಲ. ಅಯೋಧ್ಯೆಯಲ್ಲಿ ಜನರ ಮತ ಯಾರೂ ಎಣಿಸಲೂ ಇಲ್ಲ. ಮತ್ತೊಂದು, ಮುರನಾಳರು ಬಿಟ್ಟುಕೊಟ್ಟದ್ದು ಐದು ವರ್ಷದ ಶಾಸಕತ್ವ, ಅವರನ್ನ ಯಾರೂ ಭರತ ಅನ್ನಲ್ಲ ನೋಡ್ರಿ!

ಆದರೆ ಮತದಾರರ ಕಡೆಯಿಂದ ನೋಡಿದರೆ? ಫೆಬ್ರವರಿಯಲ್ಲಿ ಒಬ್ಬರಿಗೆ ಓಟು ಹಾಕಿದ ಬಾಗಲಕೋಟೆಯವರನ್ನ ಕೆಲವೇ ತಿಂಗಳಲ್ಲಿ ಮತ್ತೆ ಕರೆದು, ಅದು ಬಿಡಿ, ಇವರು ಅಂದದ್ದು ಪಕ್ಷ. ಹೊಸದುರ್ಗ ಬೇಡ ಅಂದದ್ದನ್ನ ಬಾಗಲಕೋಟೆ ತಿದ್ದಬೇಕಾಯ್ತು. ಹುನಗುಂದ, ಇಳಕಲ್ಲಿನವರಿಗೆ ತಮ್ಮ ಶಾಸಕ ಮುಖ್ಯಮಂತ್ರಿಯಾದ ಖುಷಿ ಮೂರು ತಿಂಗಳಿಗೇ ಮುಗಿಯಿತು. ಬಾಗಲಕೋಟೆಗೆ ಮುಖ್ಯಮಂತ್ರಿ ಸಿಕ್ಕರು ಅನ್ನೋದೇನೋ ಖರೆ, 1967ರ ಹೊತ್ತಿಗೆ ಅವರು ಶಿಗ್ಗಾವಿಗೆ ಹೋದರು. ನಮ್ಮ ಕಡೆಯವರು ಹೊರಗಿನ ನಾಯಕರಿಗೆ ಯಾವಾಗಲೂ ಹೂಂ ಅನ್ನೋರು ಅಂತ ತಿಳೀಬೇಡಿ. 1991ರ ಲೋಕಸಭೆ ಚುನಾವಣೆಗೆ ಇಲ್ಲಿ ನಿಂತ ರಾಮಕೃಷ್ಣ ಹೆಗಡೆಯವರನ್ನ ಸಿದ್ದು ನ್ಯಾಮಗೌಡರು ಸೋಲಿಸಿದರು. 2018ರಲ್ಲಿ ಬಾದಾಮಿಗೆ ಬಂದ ಸಿದ್ದರಾಮಯ್ಯನವರು ಗೆದ್ದದ್ದು 1,696 ಮತದಿಂದ.

ಮುಖ್ಯಮಂತ್ರಿಯಾಗಿದ್ದವರು ಅದೇ ಸರ್ಕಾರದಲ್ಲಿ ಇನ್ನೊಬ್ಬರ ಕೈಕೆಳಗೆ ಮಂತ್ರಿಯಾಗೋದು ಸುಲಭವಲ್ಲ. ಕಂಠಿಯವರು ಆದರು. ಶಿಕ್ಷಣ ಖಾತೆ ಹಿಡಿದರು. ನಮ್ಮ ಪ್ರಕಾರ ಅವರ ನಿಜವಾದ ಕೆಲಸ ಇಲ್ಲಿದೆ, ಆ ಮೂರು ತಿಂಗಳಲ್ಲಿ ಅಲ್ಲ. 1963ರಲ್ಲಿ ವಿಜಾಪುರದ ಸೈನಿಕ ಶಾಲೆ ಶುರುವಾಯ್ತು. ದಂಡಿಗೆ ಅಧಿಕಾರಿಗಳಾಗಿ ಹೋಗೋದು ನಮ್ಮ ಬರಗಾಲದ ಸೀಮೆಯ ಹುಡುಗರಿಗೂ ಸಾಧ್ಯ ಅನ್ನೋ ಬಾಗಿಲು ಅದು. ಹೆಣ್ಣುಮಕ್ಕಳಿಗೂ ಅಂಥದೇ ವಸತಿ ಶಾಲೆ ಬೇಕು ಅನ್ನೋದು ಅವರ ಕನಸಾಗಿತ್ತು. ಕಿತ್ತೂರಿನಲ್ಲಿ ರಾಣಿ ಚನ್ನಮ್ಮನ ಹೆಸರಿನ ಶಾಲೆ 1969ರಲ್ಲಿ ಶುರುವಾಯ್ತು.

ಅದೇ ವರ್ಷ ನವೆಂಬರಿನಲ್ಲಿ ಕಾಂಗ್ರೆಸ್ ಅಧ್ಯಕ್ಷರಾಗಿದ್ದ ನಿಜಲಿಂಗಪ್ಪನವರು ಪ್ರಧಾನಿ ಇಂದಿರಾ ಗಾಂಧಿಯವರನ್ನೇ ಪಕ್ಷದಿಂದ ಹೊರಹಾಕಿದರು, ಪಕ್ಷ ಎರಡಾಯ್ತು. ಜೋಡೆತ್ತು ಯಾರದು ಅನ್ನೋ ಜಗಳ ಚುನಾವಣಾ ಆಯೋಗದ ಮುಂದೆ ಹೋಗಿ, 1971ರಲ್ಲಿ ಇಂದಿರಾ ಅವರ ಪಕ್ಷ ಹಸು-ಕರುವಿನ ಗುರುತು ಹಿಡಿದು ಮತ ಕೇಳಿತು. ಕಂಠಿಯವರು ಅದನ್ನ ನೋಡಲಿಲ್ಲ. 1969ರ ಡಿಸೆಂಬರ್ 25ರಂದು, 61ನೇ ವಯಸ್ಸಿನಲ್ಲಿ ತೀರಿಕೊಂಡಿದ್ದರು.