ವಿನ್ಸೆಂಟ್ ವಿಗಲ್ಸ್‌ವರ್ತ್

ಮುಂಗಾರಿನ ಮೊದಲ ಮಳೆ ಸುರಿದ ಸಂಜೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಮನೆಗಳಲ್ಲಿ ದೀಪ ಹಚ್ಚಿದೊಡನೆ ರೆಕ್ಕೆ ಮೂಡಿದ ಗೆದ್ದಲುಗಳು ಮುತ್ತಿಕೊಳ್ಳುವುದುಂಟು. ಜೊತೆಗಾರರನ್ನು ಅರಸಿ ಹೊರಟ ಗಂಡು ಹೆಣ್ಣುಗಳವು. ಸಂತಾನಕ್ಕೆ ತಕ್ಕ ಹೊತ್ತು ಇದೆಂದು ಕೀಟಕ್ಕೆ ತಿಳಿಯುವುದು ಹೇಗೆ? ಮಳೆ ಬೆಳಕುಗಳು ಹೊರಗಿನಿಂದ ಸೂಚನೆ ಕೊಡುತ್ತವೆ. ಅದರ ರಕ್ತದಲ್ಲಿ ಹರಿಯುವ ಹಾರ್ಮೋನುಗಳು ಒಳಗಿನಿಂದ ದೇಹವನ್ನು ಸಿದ್ಧಗೊಳಿಸುತ್ತವೆ. ಈ ಒಳಗಿನ ವ್ಯವಸ್ಥೆಯನ್ನು ಬೆಳಕಿಗೆ ತಂದವರಲ್ಲಿ ಅಗ್ರಗಣ್ಯರು ಸರ್ ವಿನ್ಸೆಂಟ್ ವಿಗಲ್ಸ್‌ವರ್ತ್.

ವಿಗಲ್ಸ್‌ವರ್ತ್ ಅವರು 1899ರಲ್ಲಿ ಇಂಗ್ಲೆಂಡಿನ ಲ್ಯಾಂಕಾಷೈರ್ ಪ್ರಾಂತದಲ್ಲಿ ವೈದ್ಯರೊಬ್ಬರ ಮಗನಾಗಿ ಜನಿಸಿದರು. ಮೊದಲನೆಯ ಮಹಾಯುದ್ಧದಲ್ಲಿ ಫ್ರಾನ್ಸಿನ ರಣರಂಗದಲ್ಲಿ ಸೇವೆ ಸಲ್ಲಿಸಿ, ಕೇಂಬ್ರಿಜ್‌ನಲ್ಲಿ ವ್ಯಾಸಂಗ ಮಾಡಿ, ವೈದ್ಯ ಶಿಕ್ಷಣವನ್ನೂ ಪೂರೈಸಿದರು. ಆದರೆ ರೋಗಿಗಳ ನಾಡಿ ಹಿಡಿಯಬೇಕಾಗಿದ್ದ ಕೈ 1926ರಲ್ಲಿ ಕೀಟಗಳತ್ತ ತಿರುಗಿತು. ರೋಗ ಹರಡುವ ಕೀಟಗಳನ್ನು ಗೆಲ್ಲಬೇಕಾದರೆ ಮೊದಲು ಅವುಗಳ ದೇಹಧರ್ಮವನ್ನು ಅರಿಯಬೇಕಾಗಿದ್ದಿತು. ಲಂಡನ್ನಿನ ಉಷ್ಣವಲಯ ವೈದ್ಯಕೀಯ ಸಂಸ್ಥೆಯಲ್ಲಿ ಅವರು ಆ ಕಾರ್ಯಕ್ಕೆ ತೊಡಗಿದರು.

ಅವರು ಆರಿಸಿಕೊಂಡದ್ದು ದಕ್ಷಿಣ ಅಮೆರಿಕದ ರೊಡ್ನಿಯಸ್ ಎಂಬ, ರಕ್ತ ಹೀರುವ ತಿಗಣೆಯನ್ನು. ಹೃದಯವನ್ನೇ ಕೆಡಿಸುವ ಷಾಗಸ್ ರೋಗವನ್ನು ಹರಡುವ ಕೀಟವಿದು. ಒಮ್ಮೆ ಹೊಟ್ಟೆ ತುಂಬ ರಕ್ತ ಕುಡಿದರೆ ಮರಿ ಪೊರೆ ಕಳಚುತ್ತದೆ, ಹೆಣ್ಣು ಮೊಟ್ಟೆಯಿಡುತ್ತದೆ. ಆಶ್ಚರ್ಯವೆಂದರೆ, ತಲೆ ಕತ್ತರಿಸಿದರೂ ಇದು ತಿಂಗಳುಗಟ್ಟಲೆ ಬದುಕಿರಬಲ್ಲದು.

ರಕ್ತ ಕುಡಿದ ಹೆಣ್ಣಿನ ತಲೆಯನ್ನು ಕೂಡಲೆ ತೆಗೆದಾಗ ಅದು ಸಾಯಲಿಲ್ಲ. ಆದರೆ ಮೊಟ್ಟೆಗಳು ಬಲಿಯಲಿಲ್ಲ. ಮಿದುಳನ್ನು ತೆಗೆದು, ಅದರ ಹಿಂದಿರುವ ಕಾರ್ಪಸ್ ಅಲ್ಲಾಟಮ್ ಎಂಬ ಪುಟ್ಟ ಗ್ರಂಥಿಯನ್ನು ಉಳಿಸಿದಾಗ ಮೊಟ್ಟೆಗಳು ಬಲಿತವು. ತಲೆಯಿಲ್ಲದ ಹೆಣ್ಣನ್ನು ಗ್ರಂಥಿಯುಳ್ಳ ಇನ್ನೊಂದು ಕೀಟಕ್ಕೆ ಜೋಡಿಸಿ ರಕ್ತ ಬೆರೆಯುವಂತೆ ಮಾಡಿದಾಗಲೂ ಅಷ್ಟೇ. ಹಾಗಾದರೆ ಆಜ್ಞೆ ರಕ್ತದ ಮೂಲಕವೇ ಬರುತ್ತಿದ್ದಿತು! ಮರಿಯಲ್ಲಿ ಬಾಲ್ಯವನ್ನು ಕಾಯ್ದಿಡುವ ಗ್ರಂಥಿಯೇ ಬೆಳೆದ ಹೆಣ್ಣಿನಲ್ಲಿ ಮೊಟ್ಟೆಗಳನ್ನು ಬಲಿಯಿಸುತ್ತದೆಂದು ಅವರು 1936ರಲ್ಲಿ ಪ್ರಕಟಿಸಿದರು. ಇಷ್ಟಕ್ಕೂ ಬೇಕಾದದ್ದು ಹರಿತವಾದ ಅಲಗು, ಮೇಣ, ಗಾಜಿನ ಸಣ್ಣ ನಳಿಗೆ ಮತ್ತು ಅಪಾರ ತಾಳ್ಮೆ.

ಆ ಹಾರ್ಮೋನಿನ ರಾಸಾಯನಿಕ ರಚನೆ ತಿಳಿದುಬರಲು 1967ರವರೆಗೆ ಕಾಯಬೇಕಾಯಿತು. ಅನಂತರ ಅದನ್ನು ಹೋಲುವ ಮೆಥೋಪ್ರಿನ್ ಎಂಬ ವಸ್ತುವಿನಿಂದ ಸೊಳ್ಳೆಯ ಮರಿಗಳು ಬೆಳೆದು ಹಾರದಂತೆ ತಡೆಯುವುದು ಸಾಧ್ಯವಾಯಿತು.

ಕೇಂಬ್ರಿಜ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ವಿಗಲ್ಸ್‌ವರ್ತ್ ಅವರಿಗೆ 1964ರಲ್ಲಿ ಸರ್ ಪದವಿ ದೊರೆಯಿತು. ನಿವೃತ್ತಿಯ ಅನಂತರವೂ ಸಂಶೋಧನೆಯನ್ನು ಬಿಡದೆ, 1994ರಲ್ಲಿ, ತಮ್ಮ 94ನೆಯ ವಯಸ್ಸಿನಲ್ಲಿ ಕಾಲವಾದರು.

ಹಾರ್ಮೋನು ಹೊರಡುವ ಹೊತ್ತನ್ನು ಗೊತ್ತುಮಾಡುವವರು ಯಾರೆಂಬ ಪ್ರಶ್ನೆಯನ್ನು ಇತರರು ಕೈಗೆತ್ತಿಕೊಂಡರು. ಕೆನಡಾದ ವಿಜ್ಞಾನಿಗಳು ಅದೇ ರೊಡ್ನಿಯಸ್‌ನ ಮಿದುಳಿನಲ್ಲಿ ಹಗಲಿರುಳುಗಳ ಲೆಕ್ಕವಿಡುವ ನರಕೋಶಗಳನ್ನು ಗುರುತಿಸಿದರು. ಮೊಟ್ಟೆ ಬೆಳೆಯುವ ದಿನಗಳಲ್ಲಿ ಹೆಣ್ಣಿನ ರಕ್ತದಲ್ಲಿ ಪೊರೆ ಕಳಚಿಸುವ ಹಾರ್ಮೋನು ಕೂಡ ದಿನದ ಲಯಕ್ಕೆ ಸರಿಯಾಗಿ ಏರಿ ಇಳಿಯುವುದನ್ನು ಅವರು ಕಂಡರು.